ಎರಡು ವರ್ಷದ ಮಗಳು, ತೂಕ 9.2 ಕೆ.ಜಿ. ಮನೆಯಲ್ಲಿರೋದ್ರಲ್ಲೇ ಏನು ಕೊಡಬಹುದು?

ಹೊಸನಗರದ ಸೊಸೆ:
ಎಲ್ರಿಗೂ ನಮಸ್ಕಾರ. ಮಗಳಿಗೆ ಮೊನ್ನೆ ಎರಡು ವರ್ಷ ತುಂಬ್ತು. ಅಂಗನವಾಡಿಯಲ್ಲಿ ತೂಗಿದ್ರು, 9.2 ಕೆ.ಜಿ. ಒಂದೂವರೆ ವರ್ಷದ ಲಸಿಕೆಗೆ ಹೋದಾಗ 8.9 ಇತ್ತು. ಓಡಾಡ್ತಾಳೆ, ಮಾತೂ ಚೆನ್ನಾಗಿ ಬರುತ್ತೆ. ಊಟಕ್ಕೆ ಕೂರಿಸಿದ್ರೆ ಮಾತ್ರ ನಾಲ್ಕು ತುತ್ತಿಗೆ ಮುಖ ತಿರುಗಿಸ್ತಾಳೆ. ಮನೆಗೆ ಬಂದವರೆಲ್ಲ "ಎಂತ ಮಾರಾಯ್ತಿ, ಮಗುಗೆ ಎಂತದೂ ಹಾಕಲ್ವ?" ಅಂತ ಕೇಳಿ, ಕಾಫಿ ಕುಡಿದು ಹೋಗ್ತಾರೆ. ಅತ್ತೆ ಕೂವೆ ಹಿಟ್ಟಿನ ಮಣ್ಣಿ ಮಾಡ್ತಾರೆ, ನಾನು ರಾಗಿ ಮಣ್ಣಿ ಮಾಡ್ತೀನಿ. ನಾದಿನಿ ಬೆಂಗಳೂರಿಂದ ಒಂದು ಡಬ್ಬಿ ಪೌಡರ್ ತಂದಿಟ್ಟಿದ್ದಾಳೆ, ಅದನ್ನ ಕೊಡೋಕೆ ನಂಗೆ ಮನಸ್ಸಿಲ್ಲ. ಮನೆಯಲ್ಲಿ ಸಿಗೋದ್ರಲ್ಲೇ ತೂಕ ಏರೋ ಹಂಗೆ ಎಂತ ಮಾಡಬಹುದು? ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ: ನಮ್ಮನೆ ಒಳಗೆ ಮೊಟ್ಟೆ, ಮೀನು ಬರಲ್ಲ.

ಭದ್ರಾವತಿ ಕಬ್ಬಿಣ:
ಮೊಟ್ಟೆ ಬರಲ್ಲ ಅಂದ್ರೆ ಅರ್ಧ ಉತ್ತರ ಬಾಗಿಲಲ್ಲೇ ನಿಂತ್ಕೊಳ್ತು ನೋಡಿ.

ಮಂಡಗದ್ದೆ ಹಕ್ಕಿ:
ತಲೆ ಕೆಡಿಸ್ಕೋಬೇಡಿ. ಅಪ್ಪ ಅಮ್ಮ ಸಣಕಲಿದ್ರೆ ಮಕ್ಕಳೂ ಹಂಗೇ. ನಮ್ಮ ಅಣ್ಣನ ಮಗ ಹಂಚಿಕಡ್ಡಿ ಥರ ಇದ್ದ, ಈಗ ಹೈಸ್ಕೂಲಲ್ಲಿ ಕಬಡ್ಡಿ ಆಡ್ತಾನೆ. ಆಟ ಆಡ್ಕೊಂಡಿದ್ರೆ ಸಾಕು.

ಲಸಿಕೆ ಅಕ್ಕ:
ಹಕ್ಕಿಯವರೆ, ಅರ್ಧ ಸರಿ. ಆಡ್ಕೊಂಡಿದೆ ಅನ್ನೋದು ಒಳ್ಳೇ ಲಕ್ಷಣವೇ, ಆದ್ರೆ ಅಷ್ಟಕ್ಕೇ ಬಿಡೋ ಹಂಗಿಲ್ಲ. ನಾನು ಉಪಕೇಂದ್ರದಲ್ಲಿ ನರ್ಸ್ ಆಗಿ ಕೆಲಸ ಮಾಡಿ ರಿಟೈರ್ ಆದವಳು, ತಾಯಿ ಕಾರ್ಡಿನಲ್ಲಿ ಮಗು ತೂಕದ ಗೆರೆ ಎಳೆದೂ ಎಳೆದೂ ಕೈ ಸವೆದಿದೆ. ಎರಡು ವರ್ಷದ ಹೆಣ್ಣುಮಗುವಿನ ನಡುಮಟ್ಟದ ತೂಕ ಸುಮಾರು 11.5 ಕೆ.ಜಿ. 9ಕ್ಕಿಂತ ಕೆಳಗೆ ಇಳಿದ್ರೆ ಅದನ್ನ ಕಡಿಮೆ ತೂಕ ಅಂತ ಬರೀತೀವಿ. ನಿಮ್ಮ ಮಗಳು 9.2, ಅಂದ್ರೆ ಕಾರ್ಡಿನಲ್ಲಿ ಸರಿ ತೂಕ ತೋರಿಸೋ ಹಸಿರು ಪಟ್ಟಿಯ ಅಂಚಲ್ಲಿದ್ದಾಳೆ. ಬರೀ ಇವತ್ತಿನ ಸಂಖ್ಯೆ ನೋಡಿದ್ರೆ ನಾನೂ ಸುಮ್ಮನಿರ್ತಿದ್ದೆ.

ನಂಗೆ ಕಣ್ಣಿಗೆ ಬಿದ್ದಿದ್ದು ಇನ್ನೊಂದು. 8.9ರಿಂದ 9.2. ಆರು ತಿಂಗಳಿಗೆ 300 ಗ್ರಾಂ. ಈ ವಯಸ್ಸಲ್ಲಿ ಆರು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಕೆ.ಜಿ. ಏರಬೇಕು. ಹುಟ್ಟಾ ಸಣ್ಣ ಇರೋ ಮಗುವಿನ ಗೆರೆಯೂ ಕೆಳಗಿದ್ರೂ ಮೇಲಕ್ಕೇ ಹೋಗ್ತಿರುತ್ತೆ. ನಿಮ್ಮದು ಚಪ್ಪಟೆ ಆಗಿದೆ. ಕಾರ್ಡ್ ತೆಗೆದು ಚುಕ್ಕಿ ಸೇರಿಸಿ ನೋಡಿ. ಎತ್ತರ ಅಳೆಸಿ, ರಟ್ಟೆ ಸುತ್ತಳತೆಯನ್ನೂ ಅಳೆಸಿ, ಅಂಗನವಾಡಿಯಲ್ಲೇ ಪಟ್ಟಿ ಇರುತ್ತೆ. 12.5 ಸೆಂ.ಮೀ.ಗಿಂತ ಕಡಿಮೆ ಇದ್ರೆ ಡಾಕ್ಟರ ಹತ್ರ ಹೋಗಿ. 11.5ಕ್ಕಿಂತ ಕಡಿಮೆ ಬಂದ್ರೆ ಇಲ್ಲಿ ಕೂತು ಚರ್ಚೆ ಮಾಡೋ ವಿಷಯ ಅಲ್ಲ, ಅವತ್ತೇ ಹೊರಡಬೇಕು.

ಕೊಪ್ಪದ ಕಾಳುಮೆಣಸು:
ಈ ಚಾರ್ಟೆಲ್ಲ ಅಮೆರಿಕದ ಮಕ್ಕಳದ್ದು ಅಲ್ವಾ? ಬರ್ಗರ್ ತಿಂದವರ ಜೊತೆ ನಮ್ಮ ಗಂಜಿ ಮಕ್ಕಳನ್ನ ತೂಗಿದ್ರೆ ಇನ್ನೇನಾಗುತ್ತೆ?

ಲಸಿಕೆ ಅಕ್ಕ:
ಅಲ್ಲ. ಹಳೇದು ಹಂಗಿತ್ತು. ಈಗಿನದ್ದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದಿದ್ದು. ಆರು ದೇಶದ ಮಕ್ಕಳನ್ನ ಅಳೆದು ಮಾಡಿದ್ದು: ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಭಾರತ. ನಮ್ಮ ದೆಹಲಿ ಮಕ್ಕಳೂ ಅದರಲ್ಲಿದ್ದಾರೆ. ಎದೆಹಾಲು ಕುಡಿದು, ಆರೈಕೆ ಸರಿಯಾಗಿ ಸಿಕ್ಕ ಮಕ್ಕಳು ಐದು ವರ್ಷದ ತನಕ ಎಲ್ಲಿದ್ರೂ ಬಹುತೇಕ ಒಂದೇ ಥರ ಬೆಳೀತಾರೆ ಅಂತ ಅದರಲ್ಲಿ ಗೊತ್ತಾಗಿದ್ದು. ಬರ್ಗರ್ ಎಲ್ಲಿಂದ ಬಂತು ಮಾರಾಯ್ರೆ?

ಕೊಪ್ಪದ ಕಾಳುಮೆಣಸು:
ಸರಿ ಬಿಡಿ, ಬರ್ಗರ್ ವಾಪಸ್ ತಗೊಂಡೆ.

ಸಾಗರದ ಜೋನಿ:
ಸೊಸೆಯವರೆ, ಬೆಳಗ್ಗಿಂದ ರಾತ್ರಿ ತನಕ ಮಗು ಬಾಯಿಗೆ ಹೋಗೋದನ್ನೆಲ್ಲ ಬರೀರಿ. ಹಾಲು, ಬಿಸ್ಕತ್ತು, ಅಜ್ಜ ಕದ್ದು ಕೊಡೋ ಚಾಕಲೇಟು, ಒಂದೂ ಬಿಡಬೇಡಿ. ಆಮೇಲೆ ಮಾತಾಡಣ.

ಹೊಸನಗರದ ಸೊಸೆ:
ಬೆಳಗ್ಗೆ ಎದ್ದ ತಕ್ಷಣ ಬಾಟಲಿ ಹಾಲು. ಒಂಬತ್ತಕ್ಕೆ ಮಣ್ಣಿ, ಒಂದಿನ ಕೂವೆ, ಒಂದಿನ ರಾಗಿ. ಹನ್ನೊಂದಕ್ಕೆ ಮತ್ತೆ ಹಾಲು. ಮಧ್ಯಾಹ್ನ ಸಾರಿನ ತಿಳಿ ಹಾಕಿ ಕಲಸಿದ ಅನ್ನ, ಅಲ್ಲೇ ನಾಲ್ಕು ತುತ್ತಿನ ಕಥೆ. ನಿದ್ದೆಯಿಂದ ಎದ್ದು ಹಾಲು. ಸಂಜೆ ಮಾವ ಟೀ ಕುಡಿಯುವಾಗ ಅದ್ದಿ ಕೊಡೋ ಬಿಸ್ಕತ್ತು, ಎರಡು ಗುಟುಕು ಟೀ. ರಾತ್ರಿ ಗಂಜಿ, ಮಲಗೋವಾಗ ಹಾಲು. ಹಾಲು ಎಲ್ಲಾ ಸೇರಿ ಮುಕ್ಕಾಲು ಲೀಟರ್ ಮೇಲೇ ಆಗಬಹುದು. ಊಟ ಮಾಡಲ್ವಲ್ಲ, ಹಾಲಾದ್ರೂ ಹೋಗ್ಲಿ ಅಂತ ಎಲ್ಲರೂ ಕೊಡೋದು.

ಸಾಗರದ ಜೋನಿ:
ಊಟ ಮಾಡಲ್ಲ ಅಂತ ಹಾಲು, ಹಾಲು ಕುಡಿದಿದ್ದಕ್ಕೆ ಊಟ ಇಲ್ಲ. ಅಲ್ಲೇ ಸುತ್ತುತಾ ಇದೆ ನೋಡಿ.

ಈ ವಯಸ್ಸಿನ ಮಗುಗೆ ದಿನಕ್ಕೆ ಬೇಕಾಗೋದು ಸುಮಾರು 1000 ಕ್ಯಾಲೊರಿ. ಹಸುವಿನ ಹಾಲು 100 ಮಿ.ಲೀ.ಗೆ 65ರ ಆಸುಪಾಸು ಅಂತಿಟ್ಕೊಳ್ಳಿ, 800 ಮಿ.ಲೀ. ಅಂದ್ರೆ ಅರ್ಧ ದಿನದ ಹಸಿವು ಅಲ್ಲೇ ಮುಗೀತು. ಉಳಿದ ಅರ್ಧದಲ್ಲಿ ತಿಳಿಸಾರು, ಗಂಜಿ. ಅನ್ನಕ್ಕಿಂತ ನೀರೇ ಜಾಸ್ತಿ. ಮಗು ಹೊಟ್ಟೆ ಅದರ ಮುಷ್ಟಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ನೀರು ತುಂಬಿಸಿದ್ರೆ ಜಾಗ ಎಲ್ಲಿ? ನಾಲ್ಕೇ ತುತ್ತು ತಿಂತಾಳೆ ಅಂದ್ರೆ ಆ ನಾಲ್ಕು ತುತ್ತು ಗಟ್ಟಿ ಇರಬೇಕು. ಎಂತ ಹೊಸದು ಕೊಡೋದು ಅನ್ನೋದಕ್ಕಿಂತ ಇರೋ ತುತ್ತಲ್ಲಿ ಎಷ್ಟು ಹಿಡಿಸ್ತೀರಿ ಅನ್ನೋದು ಮುಖ್ಯ.

ಗಿಡ್ಡದ ಗೌಡ್ರು:
ಹಾಲಿಗೆ ಯಾಕ್ರೀ ಬಿದ್ರಿ ಎಲ್ಲರೂ? ನಾವೆಲ್ಲ ಚೊಂಬಲ್ಲಿ ಹಾಲು ಕುಡಿದೇ ಬೆಳೆದಿದ್ದು. ಪ್ಯಾಕೆಟ್ ಹಾಲಾಗಿದ್ರೆ ಒಪ್ತೀನಿ. ನಮ್ಮನೇಲಿ ಮಲೆನಾಡು ಗಿಡ್ಡ ತಳಿ ಹಸು ಇದೆ. ಗುಡ್ಡದ ಸೊಪ್ಪು ಮೇಯ್ದು ಬಂದು ಕೊಡೋ ಹಾಲು, ಕೆನೆ ಬೆರಳಷ್ಟು ದಪ್ಪ.

ಮಂಡಗದ್ದೆ ಹಕ್ಕಿ:
ಗೌಡ್ರೆ, ಗಿಡ್ಡ ದಿನಕ್ಕೆ ಎರಡು ಲೀಟರ್ ಕೊಟ್ರೆ ಹಬ್ಬ. ಅದಕ್ಕೇ ನೀವು ಹದ್ದು ಮೀರಿ ಕುಡಿದಿರೋಕೆ ಸಾಧ್ಯ ಇಲ್ಲ, ಸಿಗ್ತಾನೇ ಇರ್ಲಿಲ್ಲ!

ಗಿಡ್ಡದ ಗೌಡ್ರು:
ಅದೂ ಒಂದು ಮಾತೇ.

ಲಸಿಕೆ ಅಕ್ಕ:
ಹಾಲು ಬಿಡಿಸಿ ಅಂತ ಯಾರೂ ಹೇಳ್ತಿಲ್ಲ. ಮೊಟ್ಟೆ ಮೀನು ತಿನ್ನದ ಮನೆಯಲ್ಲಿ ಬಿ12 ಬರೋದೇ ಹಾಲು ಮೊಸರಿಂದ, ಅದು ಬೇಕೇ ಬೇಕು. ಆದ್ರೆ ದಿನಕ್ಕೆ 400ರಿಂದ 500 ಮಿ.ಲೀ. ಸಾಕು, ಮೊಸರೂ ಅದರಲ್ಲೇ ಲೆಕ್ಕ. ಅದಕ್ಕಿಂತ ಜಾಸ್ತಿ ಆದ್ರೆ ಇನ್ನೊಂದು ತೊಂದರೆ: ಹಾಲಲ್ಲಿ ಕಬ್ಬಿಣದಂಶ ಇಲ್ಲದಷ್ಟು ಕಡಿಮೆ, ಬೇರೆ ಊಟದ ಕಬ್ಬಿಣ ಮೈಗೆ ಹತ್ತೋದಕ್ಕೂ ಅಡ್ಡ ಬರುತ್ತೆ. ರಕ್ತ ಕಡಿಮೆ ಆದ ಮಗುಗೆ ಹಸಿವೇ ಆಗಲ್ಲ. ಬಾಟಲಿ ತೆಗೆದು ಲೋಟಕ್ಕೆ ಬನ್ನಿ, ಕುಡಿಯೋದು ತಾನಾಗೇ ಅರ್ಧ ಆಗುತ್ತೆ. ಹಾಲು ಊಟ ಆದ್ಮೇಲೆ, ಊಟಕ್ಕೆ ಮುಂಚೆ ಅಲ್ಲ.

ಮಾವನವರ ಟೀ ನಿಲ್ಸಿ. ಅದೂ ಕಬ್ಬಿಣಕ್ಕೆ ಶತ್ರುವೇ.

ಹೊಸನಗರದ ಸೊಸೆ:
ಟೀ ನಿಲ್ಸೋದು ಹೇಳೋದು ಸುಲಭ ಅಕ್ಕ, ನೀವೊಮ್ಮೆ ನಮ್ಮ ಮಾವನ ಎದುರು ಬಂದು ಹೇಳಿ ನೋಡಿ! ಕೂವೆ ಹಿಟ್ಟು ಹೆಂಗೆ? ಅತ್ತೆ ಅದೇ ತಂಪು, ಅದೇ ಪುಷ್ಟಿ ಅಂತಾರೆ.

ಸಾಗರದ ಜೋನಿ:
ಕೂವೆ ಹೊಟ್ಟೆಗೆ ಹಗುರ, ಭೇದಿ ಆದಾಗ ಒಳ್ಳೇದೇ. ಆದ್ರೆ ಅದು ಬರೀ ಪಿಷ್ಟ, ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು. ಅತ್ತೆಗೆ ಬೇಜಾರಾಗದ ಹಂಗೆ ಅದಕ್ಕೇ ಹಾಲು, ತುಪ್ಪ, ಒಂದು ಚಮಚ ನುಣ್ಣಗೆ ಮಾಡಿದ ಶೇಂಗಾ ಪುಡಿ ಸೇರಿಸಿ. ಮಣ್ಣಿ ಮಾಡಿದವರಿಗೂ ಖುಷಿ, ತಿಂದವಳಿಗೂ ಲಾಭ.

ತುಪ್ಪದ ಲೆಕ್ಕ ಗೊತ್ತಾ? ಟೀ ಚಮಚದಲ್ಲಿ ಒಂದು ಚಮಚಕ್ಕೆ 45 ಕ್ಯಾಲೊರಿ ಹತ್ತಿರ ಹತ್ತಿರ. ಪ್ರತಿ ಊಟಕ್ಕೂ ಒಂದೊಂದು ಹಾಕಿದ್ರೆ ಹೊಟ್ಟೆಯಲ್ಲಿ ಜಾಗ ಹಿಡಿಯದೇ ನೂರಕ್ಕೂ ಜಾಸ್ತಿ ಸೇರುತ್ತೆ. ತೆಂಗಿನೆಣ್ಣೆಯೂ ಅಷ್ಟೇ, ತುಪ್ಪ ದುಬಾರಿ ಅನ್ನೋರಿಗೆ ಅದೇ ಸಾಕು. ಸಾರಿನ ತಿಳಿ ದೊಡ್ಡವರು ಕುಡೀಲಿ, ಮಗುಗೆ ಅಡಿಯಲ್ಲಿರೋ ಬೇಳೆ ಹಾಕಿ. ಮಣ್ಣಿಯಾಗಲಿ ಕಿಚಡಿಯಾಗಲಿ ಚಮಚ ಓರೆ ಮಾಡಿದ್ರೆ ಸುರಿದು ಹೋಗಬಾರದು, ಅಂಟಿಕೊಂಡು ನಿಲ್ಲಬೇಕು. ನಂಗೆ ಗೊತ್ತಿರೋ ಒಂದೇ ಅಳತೆ ಅದು.

ತೀರ್ಥಹಳ್ಳಿ ಕಡುಬು:
ಗಟ್ಟಿ ಮಾಡಿದ್ರೆ ನನ್ನ ಮಗ ಉಗಿದು ಬಿಡ್ತಿದ್ದ. ಅದಕ್ಕೆ ನಮ್ಮಮ್ಮ ಹೇಳಿಕೊಟ್ಟ ಉಪಾಯ: ರಾಗಿ ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಟ್ಕೊಳ್ಳೋದು. ಮಾಮೂಲಿ ಹಿಟ್ಟಲ್ಲಿ ಗಟ್ಟಿ ಮಣ್ಣಿ ಕಾಸಿ, ಇಳಿಸಿ, ಸ್ವಲ್ಪ ಬಿಸಿ ಆರಿದ ಮೇಲೆ ಈ ಮೊಳಕೆ ಹಿಟ್ಟು ಒಂದು ಚಮಚ ಕಲಸಿ. ಐದು ನಿಮಿಷದಲ್ಲಿ ಗಟ್ಟಿ ಇದ್ದಿದ್ದು ನುಂಗೋ ಹದಕ್ಕೆ ಬರುತ್ತೆ. ಆಮೇಲೆ ಒಂದು ಕುದಿ ಕುದಿಸಿ ಇಳಿಸೋದು.

ಕೊಪ್ಪದ ಕಾಳುಮೆಣಸು:
ತೆಳ್ಳಗಾಯ್ತು ಅಂದ್ರೆ ಮತ್ತೆ ನೀರೇ ಆಯ್ತಲ್ಲ? ಇಷ್ಟೊತ್ತು ಗಟ್ಟಿ ಗಟ್ಟಿ ಅಂದ್ರಿ.

ತೀರ್ಥಹಳ್ಳಿ ಕಡುಬು:
ನೀರು ಹಾಕಿ ತೆಳ್ಳಗೆ ಮಾಡಿದ್ದಲ್ಲ ಸ್ವಾಮಿ. ಹಾಕಿದ ಹಿಟ್ಟು ಅಷ್ಟೂ ಅದರಲ್ಲೇ ಇದೆ. ಮೊಳಕೆಯಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನ ಒಡೆದು ಸಡಿಲ ಮಾಡುತ್ತೆ. ಒಂದೇ ಬಟ್ಟಲಲ್ಲಿ ಜಾಸ್ತಿ ಹಿಟ್ಟು ಹಿಡಿಸಬಹುದು, ಮಗುಗೆ ನುಂಗೋಕೂ ಸುಲಭ. ಮೊಳಕೆಯಿಂದ ರಾಗಿಯ ಕಬ್ಬಿಣ ಮೈಗೆ ಹತ್ತೋದೂ ಸ್ವಲ್ಪ ಸುಧಾರಿಸುತ್ತೆ. ಒಂದು ಎಚ್ಚರ: ಒಣಗಿದ ಮೊಳಕೆಯನ್ನ ಘಮ್ ಅನ್ನೋ ತನಕ ಹುರಿದುಬಿಟ್ರೆ ಕಿಣ್ವ ಸತ್ತು ಹೋಗುತ್ತೆ. ಆಮೇಲೆ ರುಚಿ ಇರುತ್ತೆ, ಕೆಲಸ ಆಗಲ್ಲ.

ಮಳೆಹುಳ:
ಜುಲೈಯಲ್ಲಿ ಹೊಸನಗರದಲ್ಲಿ ಮೊಳಕೆ ರಾಗಿ ಎಲ್ಲಿ ಒಣಗಿಸ್ತೀರಿ? ಬಟ್ಟೆನೇ ಒಣಗಲ್ಲ. ನಮ್ಮತ್ತಿಗೆ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ್ರು, ಮಣ್ಣಿ ಕುಡಿದ್ರೆ ಹೊಗೆಸೊಪ್ಪು ಕುಡಿದ ಹಂಗಿತ್ತು.

ತೀರ್ಥಹಳ್ಳಿ ಕಡುಬು:
ಅದಕ್ಕೇ ಮಾರ್ಚ್ ಏಪ್ರಿಲಲ್ಲೇ ಹಪ್ಪಳ ಸಂಡಿಗೆ ಜೊತೆ ಮಾಡಿಟ್ಕೊಳ್ಳೋದು. ಮಳೆಗಾಲದಲ್ಲಿ ಬೇಕು ಅಂದ್ರೆ ಫ್ಯಾನ್ ಕೆಳಗೆ ತೆಳ್ಳಗೆ ಹರಡಿ, ಕೊನೆಗೆ ತೀರಾ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಬೂಸಲು ವಾಸನೆ ಬಂತೋ, ದನಕ್ಕೂ ಹಾಕಬೇಡಿ.

ಲಸಿಕೆ ಅಕ್ಕ:
ಬೂಸಲಿನ ಮಾತು ಬಂತಲ್ಲ, ಶೇಂಗಾಕ್ಕೂ ಅದೇ ಎಚ್ಚರ. ನಮ್ಮ ಕಡೆ ಜೂನ್ ಕಳೆದ ಮೇಲೆ ಡಬ್ಬಿಯಲ್ಲಿಟ್ಟ ಶೇಂಗಾ ಕಪ್ಪಾಗುತ್ತೆ, ಸುಕ್ಕಾಗುತ್ತೆ, ಕಹಿ ಬರುತ್ತೆ. ಅಂಥಾದ್ರಲ್ಲಿ ಅಫ್ಲಟಾಕ್ಸಿನ್ ಅನ್ನೋ ಶಿಲೀಂಧ್ರದ ವಿಷ ಇರಬಹುದು, ಹುರಿದ್ರೂ ಪೂರ್ತಿ ಹೋಗಲ್ಲ. ಆರಿಸಿ ಬಿಸಾಕಿ. ಸ್ವಲ್ಪ ಸ್ವಲ್ಪವೇ ತಂದು, ಹುರಿದು, ಪುಡಿ ಮಾಡಿ ಬೇಗ ಖಾಲಿ ಮಾಡಿ. ಇನ್ನೊಂದು, ಇಡೀ ಶೇಂಗಾ, ಗೋಡಂಬಿ, ಬಾದಾಮಿ ಈ ವಯಸ್ಸಲ್ಲಿ ಕೈಗೆ ಕೊಡಲೇಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಪುಡಿ ಇಲ್ಲಾ ನುಣ್ಣಗೆ ರುಬ್ಬಿದ್ದು ಮಾತ್ರ. ಬೇಯಿಸಿದ ಹಲಸಿನ ಬೀಜ ಕೊಟ್ರೂ ಕಿವುಚಿ ಕೊಡಿ.

ಅಡಿಕೆ ಚೊಗರು:
ಏನೇ ಹೇಳಿ, ಮಗುಗೆ ದೃಷ್ಟಿ ಆಗಿರಬೇಕು. ಬಾಲಗ್ರಹಕ್ಕೆ ನೂಲು ಕಟ್ಟಿಸಿ, ಬಜೆ ತೇದು ನೆಕ್ಕಿಸಿ. ಹಸಿವು ತಾನಾಗೇ ಬರುತ್ತೆ.

ಲಸಿಕೆ ಅಕ್ಕ:
ನೂಲು ಕಟ್ಟಿಸೋದು ನಿಮ್ಮ ನಂಬಿಕೆ, ನಾನು ಮಾತಾಡಲ್ಲ. ಬಜೆ ಬೇಡ. ಬಜೆ ಜಾಸ್ತಿಯಾಗಿ ವಾಂತಿ ಮಾಡ್ಕೊಂಡು ಬಂದ ಕೂಸುಗಳನ್ನ ನೋಡಿದ್ದೀನಿ. ಎಷ್ಟು ತೇದ್ರೆ ಎಷ್ಟು ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ಅಡಿಕೆ ಚೊಗರು:
ನಮ್ಮಜ್ಜಿ ಹನ್ನೊಂದು ಮಕ್ಕಳಿಗೆ ಕೊಟ್ಟಿದ್ರು.

ಭದ್ರಾವತಿ ಕಬ್ಬಿಣ:
ಅದರಲ್ಲಿ ಎಷ್ಟು ಉಳಿದ್ವು ಅಂತ ಕೇಳಬಹುದಾ?

ಅಡಿಕೆ ಚೊಗರು:
ಬೇಡ ಬಿಡಿ ಆ ಮಾತು.

ಶರಾವತಿ ಹಿನ್ನೀರು:
ಅಂಗನವಾಡಿಯಿಂದ ಪುಷ್ಟಿ ಪುಡಿ ಕೊಡ್ತಾರಲ್ಲ, ಅದನ್ನ ಎಂತ ಮಾಡ್ತಿದ್ದೀರಿ? ನಮ್ಮೂರಲ್ಲಿ ಎಷ್ಟೋ ಮನೆಯಲ್ಲಿ ಅದು ಕೊಟ್ಟಿಗೆಗೆ ಹೋಗುತ್ತೆ. ಹಸು ದಪ್ಪ, ಮಗು ಸಣ್ಣ.

ಹೊಸನಗರದ ಸೊಸೆ:
(ಮೆತ್ತಗೆ ಹೇಳ್ತೀನಿ) ನಮ್ಮನೇದೂ ಕೊಟ್ಟಿಗೆಗೇ.

ಶರಾವತಿ ಹಿನ್ನೀರು:
ತುಪ್ಪದಲ್ಲಿ ಹುರಿದು, ಕಾಯಿತುರಿ, ಒಂದು ಪುಟ್ಟಬಾಳೆಹಣ್ಣು ಕಿವುಚಿ ಸಣ್ಣ ದೋಸೆ ಥರ ಹುಯ್ದು ಕೊಡಿ. ಹಂಗೇ ಕೊಟ್ರೆ ನಂಗೂ ಸೇರಲ್ಲ. ಅಂದಹಾಗೆ ಅಂಗನವಾಡಿಗೆ ಹೋಗೋ ಮಕ್ಕಳಿಗೆ ಅಲ್ಲಿ ಮೊಟ್ಟೆಯೂ ಕೊಡ್ತಾರೆ, ಒಂದಕ್ಕೆ ಆರು ಗ್ರಾಂ ಪ್ರೋಟೀನ್. ಮನೆ ಒಳಗೆ ಬರಲ್ಲ ಅಂದ್ರಲ್ಲ, ಹೊರಗೆ ತಿಂದ್ರೆ...?

ಗಿಡ್ಡದ ಗೌಡ್ರು:
ನೋಡಿ, ಶುರುವಾಯ್ತು. ಅವರ ಮನೆ ಆಚಾರ ಅವರಿಗೆ. ಮೊಟ್ಟೆ ತಿನ್ನದವರ ಮಕ್ಕಳೆಲ್ಲ ಬೆಳೆದಿಲ್ವಾ?

ಭದ್ರಾವತಿ ಕಬ್ಬಿಣ:
ಬೆಳೆದಿದ್ದಾರೆ ಗೌಡ್ರೆ, ಆದ್ರೆ ಬೇಳೆ, ಮೊಸರು, ತುಪ್ಪ ಕೈಬಿಚ್ಚಿ ಬಡಿಸಿದ ಮನೆಗಳಲ್ಲಿ. ಮೊಟ್ಟೆನೂ ಇಲ್ಲ, ಬೇಳೆನೂ ತಿಳಿ ಅಂದ್ರೆ ಹೆಂಗೆ? ನಮ್ಮನೆಯಲ್ಲಿ ಮೊಟ್ಟೆ ಇದೆ, ಬೂತಾಯಿ ಮೀನಿದೆ, ಮುಳ್ಳು ತೆಗೆದು ಅನ್ನಕ್ಕೆ ಕಲಸಿ ಕೊಟ್ರೆ ಕೆಲಸ ಮುಗೀತು. ಅವರಿಗೆ ಸ್ವಲ್ಪ ಜಾಸ್ತಿ ಕಷ್ಟ, ಅಷ್ಟೇ ನಾನು ಹೇಳಿದ್ದು.

ಮಳೆಹುಳ:
ನಾಟಿ ಮೊಟ್ಟೆ ಒಳ್ಳೇದಾ ಫಾರಂ ಮೊಟ್ಟೆನಾ?

ಭದ್ರಾವತಿ ಕಬ್ಬಿಣ:
ಪೌಷ್ಟಿಕತೆಯಲ್ಲಿ ಅಂಥಾ ವ್ಯತ್ಯಾಸ ಇಲ್ಲ, ಜೇಬಿಗೆ ಮಾತ್ರ ಇದೆ. ಯಾವುದಾದ್ರೂ ಸರಿ, ಪೂರ್ತಿ ಬೇಯಿಸಿ ಕೊಡಿ.

ಬೆಂಗಳೂರು ಬಸ್ಸು:
ಡಬ್ಬಿ ಪೌಡರ್ ಬಗ್ಗೆ ಯಾರೂ ಹೇಳಲೇ ಇಲ್ಲ. ನಾವು ಕೊಡ್ತಿದ್ದೀವಿ, ಮಗು ಇಷ್ಟಪಟ್ಟು ಕುಡಿಯುತ್ತೆ. ನಾದಿನಿ ಪ್ರೀತಿಯಿಂದ ತಂದಿದ್ದು ಕೊಟ್ರೆ ಎಂತ ತಪ್ಪು?

ಸಾಗರದ ಜೋನಿ:
ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಸಕ್ಕರೆ ಎಷ್ಟು ಅಂತ ಓದಿ, ಯಾಕೆ ಇಷ್ಟಪಟ್ಟು ಕುಡಿಯುತ್ತೆ ಗೊತ್ತಾಗುತ್ತೆ. ಇಂಥಾ ಪಾನೀಯಗಳನ್ನ 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೀರಿ ಅಂತ 2024ರಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕೊಟ್ಟಿತ್ತು. ಅದಕ್ಕೆ ಕೊಡೋ ದುಡ್ಡಲ್ಲಿ ತುಪ್ಪ, ಶೇಂಗಾ, ಹುರಿಗಡಲೆ, ಹೆಸರುಬೇಳೆ ಎಷ್ಟು ಬರುತ್ತೆ ಲೆಕ್ಕ ಹಾಕಿ. ಡಾಕ್ಟರ್ ಬರೆದುಕೊಟ್ಟ ವಿಶೇಷ ಆಹಾರ ಬೇರೆ ವಿಷಯ, ಅದನ್ನ ಇದರ ಜೊತೆ ಸೇರಿಸಬೇಡಿ.

ಕೊಪ್ಪದ ಕಾಳುಮೆಣಸು:
ಜೋನಿ ಅಂತ ಹೆಸರಿಟ್ಕೊಂಡು ಸಕ್ಕರೆ ಬೈತೀರಲ್ಲ! ಮಗುಗೆ ಜೋನಿಬೆಲ್ಲ, ಅದೇ ನೀರುಬೆಲ್ಲ, ಕೊಡಬಹುದಾ?

ಸಾಗರದ ಜೋನಿ:
ನಾಲಿಗೆಗೆ ರುಚಿ ಅಂತ ದೋಸೆಗೆ ಸವರಿ ಕೊಡಿ, ಪುಷ್ಟಿ ಅಂತ ಕೊಡಬೇಡಿ. ಬೆಲ್ಲದಲ್ಲಿ ಭಾರಿ ಕಬ್ಬಿಣ ಅಂತಾರಲ್ಲ, ರಕ್ತ ಏರೋಷ್ಟು ಬೆಲ್ಲ ತಿಂದ್ರೆ ಹಲ್ಲು ಉಳಿಯಲ್ಲ.

ಹೊಸನಗರದ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಬೇಕಿತ್ತು. ಇವಳು ಅಂಗಳದ ಮಣ್ಣು ತಿಂತಾಳೆ, ಗೋಡೆ ಸುಣ್ಣ ಕೆರೆದು ನೆಕ್ತಾಳೆ. ಎಲ್ಲ ಮಕ್ಕಳೂ ಮಾಡ್ತಾವೆ ಅಂತ ಅತ್ತೆ ಹೇಳಿದ್ರು. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಲಸಿಕೆ ಅಕ್ಕ:
ಇದನ್ನ ಮೊದಲೇ ಹೇಳಬಾರದಾ ತಂಗಿ! ಬಿಡದೇ ಮಣ್ಣು, ಸುಣ್ಣ ತಿನ್ನೋದು ಎಷ್ಟೋ ಸಲ ಕಬ್ಬಿಣದ ಕೊರತೆಯ ಗುರುತು. ದಿನಾ ಅಷ್ಟು ಹಾಲು, ಮೇಲಿಂದ ಟೀ, ಕೂತು ಯೋಚನೆ ಮಾಡೋದೇ ಬೇಡ. ರಕ್ತ ಪರೀಕ್ಷೆ ಮಾಡಿಸಿ, ಈ ವಯಸ್ಸಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರಬಾರದು. ಮಣ್ಣು ತಿನ್ನೋ ಮಗುಗೆ ಜಂತುಹುಳವೂ ಇರಬಹುದು. ಹುಳದ ಮಾತ್ರೆ ಆರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲೇ ಕೊಡ್ತಾರೆ, ಈ ಸಲದ್ದು ಕೊಡಿಸಿದ್ದೀರಾ ನೋಡಿ. ವಿಟಮಿನ್ ಎ ಡೋಸೂ ಅಷ್ಟೇ. ಪದೇ ಪದೇ ಭೇದಿ, ಬಿಡದ ಕೆಮ್ಮು, ಮನೆಯಲ್ಲಿ ಯಾರಿಗಾದ್ರೂ ಟಿ.ಬಿ. ಇದ್ರೆ ಅದನ್ನೂ ಡಾಕ್ಟರಿಗೆ ಹೇಳಿ. ತುಪ್ಪದಿಂದ ವಾಸಿಯಾಗದ ಕಾರಣಗಳೂ ಇರ್ತಾವೆ.

ಮಂಡಗದ್ದೆ ಹಕ್ಕಿ:
ನಾನು 'ಸಣಕಲು ವಂಶ' ಅಂದಿದ್ದಕ್ಕೆ ಈಗ ಯಾರೂ ಬೈಬೇಡಿ.

ತುಂಗಾ ತೀರ:
ಗಂಡಸರ ಕಡೆಯಿಂದ ಒಂದು ಮಾತು. ನಮ್ಮನೆಯಲ್ಲಿ ಮೊಬೈಲ್ ತೋರಿಸಿ ತಿನ್ನಿಸ್ತಿದ್ರು, ಮಗು ಬಾಯಿ ತೆಗೀತಿತ್ತು ಆದ್ರೆ ಏನು ತಿಂತಿದೆ ಅಂತ ಅದಕ್ಕೇ ಗೊತ್ತಿರ್ಲಿಲ್ಲ. ಈಗ ನಾನು ಊಟಕ್ಕೆ ಕೂರುವಾಗ ಪಕ್ಕದಲ್ಲೇ ಸಣ್ಣ ತಟ್ಟೆ ಹಾಕ್ತೀವಿ. ಅರ್ಧ ನೆಲಕ್ಕೆ, ಅರ್ಧ ಹೊಟ್ಟೆಗೆ. ಸಾಕು ಅಂದಾಗ ಎಬ್ಬಿಸ್ತೀವಿ, ಮತ್ತೆ ಎರಡು ಮೂರು ಗಂಟೆ ಮಧ್ಯದಲ್ಲಿ ಬಿಸ್ಕತ್ತು, ಹಾಲು ಎಂತದೂ ಇಲ್ಲ. ಮೂರು ಊಟ, ಎರಡು ತಿಂಡಿ. ಒತ್ತಾಯ ನಿಲ್ಸಿದ ಮೇಲೆ ಮನೆಯಲ್ಲಿ ಜಗಳವೂ ಕಡಿಮೆ ಆಯ್ತು.

ಮಳೆಹುಳ:
ನೆಲ ಒರೆಸೋದು ಯಾರು ಸ್ವಾಮಿ?

ತುಂಗಾ ತೀರ:
ನಾನೇ. ಯಾಕೆ ಕೇಳಿದ್ರಿ!

ಹೊಸನಗರದ ಸೊಸೆ:
ಮಕ್ಕಳ ಡಾಕ್ಟರ ಹತ್ರ ಹೋಗಿ ಬಂದ್ವಿ. ಹಿಮೋಗ್ಲೋಬಿನ್ 9.1. ರಟ್ಟೆ ಸುತ್ತಳತೆ 13.4, ಅದು ಪರವಾಗಿಲ್ಲ ಅಂದ್ರು. ಕಬ್ಬಿಣದ ಸಿರಪ್ ಬರೆದಿದ್ದಾರೆ, ಮೂರು ತಿಂಗಳು ಬಿಡದೇ ಕೊಡಿ ಅಂದ್ರು. ಹಾಲು ಅರ್ಧ ಲೀಟರ್ ದಾಟಬಾರದು ಅಂತ ಡಾಕ್ಟರ್ ಬಾಯಲ್ಲೇ ಬಂದಿದ್ದಕ್ಕೆ ಅತ್ತೆಯೂ ಒಪ್ಪಿದ್ರು. ನಾನು ಹೇಳಿದ್ರೆ ಆಗ್ತಿರ್ಲಿಲ್ಲ. ಬಾಟಲಿ ಅಟ್ಟಕ್ಕೆ ಹೋಯ್ತು, ಮೊದಲು ಭಾರಿ ರಂಪ ಮಾಡಿದ್ಲು. ಮಧ್ಯಾಹ್ನ ಈಗ ಹೆಸರುಬೇಳೆ, ಅಕ್ಕಿ ಗಟ್ಟಿಯಾಗಿ ಬೇಯಿಸಿ ಬಸಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ಮೇಲೆ ತುಪ್ಪ, ನಿಂಬೆಹಣ್ಣು ಹಿಂಡ್ತೀನಿ. ನಾಲ್ಕು ತುತ್ತು ಹೋಗಿ ಸಣ್ಣ ಬಟ್ಟಲು ಆಗಿದೆ, ಕೆಲವು ದಿನ ಆಗಲ್ಲ. ತೂಕ ಮುಂದಿನ ತಿಂಗಳು ನೋಡೋದು.

ಲಸಿಕೆ ಅಕ್ಕ:
ನಿಂಬೆ ಹಿಂಡಿದ್ದು ಸರಿ, ಸೊಪ್ಪು ಬೇಳೆಯ ಕಬ್ಬಿಣ ಅದರಿಂದ ಚೆನ್ನಾಗಿ ಹತ್ತುತ್ತೆ. ಸಿರಪ್ಪನ್ನ ಹಾಲಿನ ಜೊತೆ ಕೊಡಬೇಡಿ. ಮಲ ಕಪ್ಪಗೆ ಬರುತ್ತೆ, ಹೆದರಬೇಡಿ. ಸಿರಪ್ ಬಾಟಲಿ ಮಗು ಕೈಗೆ ಎಟುಕದ ಕಡೆ ಇಡಿ, ಸಿಹಿ ಇದೆ ಅಂತ ಒಟ್ಟಿಗೇ ಕುಡಿದುಬಿಟ್ರೆ ಅಪಾಯ. ರಕ್ತ ಸರಿಯಾಯ್ತು ಅಂತ ನೀವೇ ನಿಲ್ಸಬೇಡಿ. ವಾರವಾರ ತೂಗಬೇಡಿ, ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ಸಾಕು.

ಅಡಿಕೆ ಚೊಗರು:
ಬಸಳೆ ಥಂಡಿ ಅಲ್ವಾ ಮಳೆಗಾಲದಲ್ಲಿ?

ತೀರ್ಥಹಳ್ಳಿ ಕಡುಬು:
ಬೇಯಿಸಿದ ಬಸಳೆಗೆ ಎಂತ ಥಂಡಿ ಮಾರಾಯ್ರೆ. ಒಂದು ಕಾಳುಮೆಣಸು ಹಾಕಿ ಅನ್ನಿ, ಅದೂ ಇಲ್ಲೇ ಇದ್ದಾರೆ ಕೊಪ್ಪದವರು.

ಹೊಸನಗರದ ಸೊಸೆ:
ಅಕ್ಕ, ಸಿರಪ್ ಕೊಟ್ಟ ಮೇಲೆ ಹಾಲಿಗೆ ಎಷ್ಟು ಹೊತ್ತು ಬಿಡಬೇಕು?

ಲಸಿಕೆ ಅಕ್ಕ:
ಎರಡು ಗಂಟೆ ಬಿಡಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟದ ನಡುವೆ ಕೊಟ್ರೆ ಲೆಕ್ಕ ತಪ್ಪಲ್ಲ. ಮಾವನವರ ಟೀ ಹೊತ್ತಿಗೆ ಮಾತ್ರ ಬೇಡ.